ಗದ್ವಾಲದಿಂದ ಬಂದ ಸಂಜೆಯ ಗಂಟು

ಅಧ್ಯಕ್ಷ ಸ್ಥಾನದಲ್ಲಿರುವ ಅಂಜನಕುಮಾರ್ ಅವರೇ, ಗದ್ವಾಲದ ಸರ್ವರ್ ಕಂಪ್ಯೂಟರನ್ನು ಹನ್ನೊಂದು ವರ್ಷ ನೋಡಿಕೊಂಡು ಇಂದು ಶಾಲು ಹೊದ್ದು ಬೆವರುತ್ತಿರುವ ವಾದೀಂದ್ರರಾಯರೇ, ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ನಮ್ಮ ಬಳಗದವರೇ, ಚಹಾ ಯಾವಾಗ ಬರುತ್ತದೆಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮಕ್ತಲ್‌ನಲ್ಲಿ ಕಂಪ್ಯೂಟರ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡ ಈ ಮಲ್ಲೇಶನಿಗೆ ಐದು ನಿಮಿಷವೆಂದರೆ ನೂರು ಪ್ರತಿ. ಇವತ್ತು ಒಂದೇ ಪ್ರತಿ ತೆಗೆಯುತ್ತೇನೆ, ಸ್ವಚ್ಛವಾಗಿ ತೆಗೆಯುತ್ತೇನೆ.

ಹೊಸಬರಿಗಾಗಿ ಒಂದು ಮಾತು. ನಮ್ಮ ಮೂರು ಊರುಗಳಲ್ಲಿ ಮೂರು ಹಳೆಯ ಕಂಪ್ಯೂಟರುಗಳಿವೆ. ಯೂಸ್‌ನೆಟ್ ಎಂಬ ಹಳೆಯ ಪದ್ಧತಿಯಲ್ಲಿ ನಡೆಯುವ ಸರ್ವರುಗಳು. ಒಂದು ಊರಿನಲ್ಲಿ ಬರೆದದ್ದರ ಪ್ರತಿ ಉಳಿದೆರಡು ಊರಿಗೆ ಹೋಗುತ್ತದೆ. ವಾಟ್ಸಾಪ್ ಕಾಲದಲ್ಲಿ ಇದೇಕೆ ಎಂದವರಿಗೆ ರಾಯರ ಉತ್ತರ ಒಂದೇ: "ಇಲ್ಲೆ ಯಾರೂ ಗುಡ್ ಮಾರ್ನಿಂಗ್ ಹೂವು ಕಳಸೂದಿಲ್ಲ."

ಒಂದೊಂದೇ ಬರಹ ಕಳಿಸಿದರೆ ನಮ್ಮ ಲೈನು ನಡುವೆ ಕೈಕೊಡುತ್ತದೆ. ಅದಕ್ಕೇ ದಿನದ ಬರಹಗಳನ್ನೆಲ್ಲ ಒಂದು ಗಂಟು ಕಟ್ಟಿ ಸಂಜೆ ಐದಕ್ಕೆ ಕಳಿಸುತ್ತೇವೆ. ಗಂಟಿನೊಳಗೆ ಪ್ರತಿ ಬರಹದ ತಲೆಯ ಮೇಲೆ ಅದರ ಉದ್ದ ನಮೂದಾಗಿರಬೇಕು. ಆ ಕಡೆಯ ಯಂತ್ರ ಅಷ್ಟನ್ನೇ ಕತ್ತರಿಸಿ, ಇದು ಒಂದು ಬರಹ ಎಂದು ಇಟ್ಟುಕೊಳ್ಳುತ್ತದೆ. ಯಂತ್ರಕ್ಕೆ ಅರ್ಥ ಗೊತ್ತೇ? ಗೊತ್ತಿಲ್ಲ. ಅಕ್ಕ ತಮ್ಮ ಗೊತ್ತೇ? ಗೊತ್ತಿಲ್ಲ. ಉದ್ದ ಗೊತ್ತು.

ಹೋದ ವರ್ಷ ಈ ಗಂಟು ಕಟ್ಟುವ ಪ್ರೋಗ್ರಾಂ ಸುಧಾರಿಸುವ ಬುದ್ಧಿ ಯಾರಿಗೆ ಬಂತು? ನನಗೆ. ಹತ್ತನೆಯ ತರಗತಿ ದಾಟದವನು ಏನೇನು ಕಲಿತಿದ್ದಾನೆಂದು ತೋರಿಸಬೇಕಿತ್ತು. ಇಂಗ್ಲಿಷ್ ಬರಹ ಹಾಕಿ ಪರೀಕ್ಷಿಸಿದೆ, ಸರಿಯಾಗಿ ಹೋಯಿತು. ಒಂದು ಸೋಮವಾರ ಮೂರೂ ಊರಲ್ಲಿ ಹಾಕಿಸಿದೆ.

ಈಗ ಮನೆಯ ವಿಷಯ. ಇದನ್ನು ಹೇಳಬಾರದೆಂದು ಬಸ್ಸಿನಲ್ಲಿ ನಿರ್ಧರಿಸಿಕೊಂಡೇ ಬಂದಿದ್ದೆ. ಗದ್ವಾಲದ ಶೇಖಮ್ಮ ನನ್ನ ಅಕ್ಕ. ಅವ್ವ ತೀರಿಕೊಂಡ ಮೇಲೆ ಅವ್ವನ ಮಗ್ಗದ ಮೇಲೆ ಸೀರೆ ನೇಯ್ದು ನನ್ನನ್ನು ಸಾಕಿದವಳು. ಮಕ್ತಲ್ ಮನೆಯಲ್ಲಿ ನನ್ನ ಕಂಪ್ಯೂಟರ್ ಮೇಜಿಗೆ ಜಾಗ ಬೇಕಾದಾಗ ಅವಳನ್ನು ಒಂದು ಮಾತು ಕೇಳದೆ ಆ ಮಗ್ಗ ಬಿಚ್ಚಿಸಿ ಕಟ್ಟಿಗೆಯ ಅಡ್ಡೆಗೆ ಕಳಿಸಿದೆ. ಎಷ್ಟು ಜಾಗ ಸಿಕ್ಕಿತೆಂದು ಇಂದಿಗೂ ಹೇಳಬಲ್ಲೆ, ಆರಡಿಗೆ ಐದಡಿ. ಆರು ವರ್ಷ ಅವಳು ನನ್ನ ಜೊತೆ ಮಾತಾಡಲಿಲ್ಲ.

ಮಂಗಳವಾರದ ಗಂಟಿನಲ್ಲಿ ಅಕ್ಕನ ಬರಹ ಬಂತು. ರಾಯರ ಮನೆಯಲ್ಲಿ ಕೂತು ಎರಡು ಬೆರಳಿನಲ್ಲಿ ಕುಟ್ಟಿದ್ದು. "ಮಲ್ಲೇಶ, ಅವ್ವನ ಮಗ್ಗ ಮುರದಿ. ನನ್ನ ಒಂದು ಮಾತು ಕೇಳಲಿಲ್ಲ. ನಿನ್ನ ಮಾರಿ ನೋಡಂಗಿಲ್ಲ ಅಂತ ಆಣಿ ಮಾಡಿದ್ದೆ. ಈಗ" ಎಂದಿತ್ತು. ಕೆಳಗೆ ಖಾಲಿ. ಸಿಟ್ಟು ಬಂದರೆ ಮಾತನ್ನು ಅರ್ಧಕ್ಕೆ ಬಿಟ್ಟು ಏಳುವುದು ಅಕ್ಕನ ಅಭ್ಯಾಸ. ಎದ್ದುಹೋಗಿದ್ದಾಳೆ ಎಂದುಕೊಂಡೆ.

ಬುಧವಾರ ರಾಯರು ಮೂರು ಸಲ ಫೋನ್ ಮಾಡಿದರು. ಅಕ್ಕನ ಪರ ಪಂಚಾಯಿತಿ ಮಾಡಲು ಬರುತ್ತಿದ್ದಾರೆಂದು ನಾನು ಎತ್ತಲಿಲ್ಲ. ಗುರುವಾರ ಬೆಳಿಗ್ಗೆ ಶಟರ್ ಎತ್ತುತ್ತಿದ್ದೇನೆ, ಎಪ್ಪತ್ತು ದಾಟಿದ ರಾಯರು ಮೊದಲ ಬಸ್ಸಿಗೆ ಜೂರಾಲ ಅಣೆಕಟ್ಟು ದಾಟಿ ಬಂದು ಎದುರಿಗೆ ನಿಂತಿದ್ದರು, ಕೈಯಲ್ಲಿ ಒಂದು ಹಾಳೆ.

"ಮಲ್ಲೇಶಪ್ಪ, ನಿಮ್ಮ ಪ್ರೋಗ್ರಾಂ ಅಕ್ಷರ ಎಣಿಸ್ಯದ. ಯಂತ್ರಕ್ಕ ಬೇಕಾದದ್ದು ಬೈಟ್, ಅಂದ್ರ ಅಕ್ಷರ ಹಿಡಿಯೂ ಜಾಗದ ಲೆಕ್ಕ. ಇಂಗ್ಲಿಷ್ ಅಕ್ಷರಕ್ಕ ಒಂದು, ನಮ್ಮ ಕನ್ನಡಕ್ಕ ಮೂರು. ಅಕ್ಕನ ಮಾತು ನಿಮಗ ಮೂರರಾಗ ಒಂದು ಪಾಲು ಮುಟ್ಯದ. ಉಳಿದದ್ದು ನಿಮ್ಮ ಯಂತ್ರದ ರದ್ದಿಯೊಳಗ ಬಿದ್ದದ. ಇದು ಪೂರ್ತಿ, ಓದ್ರಿ."

ಓದಿದೆ. "ಈಗ ಆಣಿ ಮುರೀತೀನಿ ತಮ್ಮಾ. ಗುರುವಾರ ಹನ್ನೊಂದಕ್ಕ ಕಣ್ಣಿನ ಪೊರಿ ತೆಗೀತಾರ. ಇನ್ನೊಂದು ಕಣ್ಣು ಮೊದಲ ಹೋಗೈತಿ, ನಿನಗ ಗೊತ್ತೈತಿ. ಅಂಜಿಕಿ ಬರತೈತಿ. ಬಾಗಲ ಹೊರಗ ಯಾರನ್ನ ಕುಂದ್ರಸಲಿ ಅಂದ್ರ ನಿನ್ನ ಹೆಸರ ಬಂತು. ಫೋನ್ ಮಾಡಿದ್ರ ಅಳು ಬರತೈತಿ ಅಂತ ಬರದೀನಿ. ಎಲ್ಲಾರೂ ಓದ್ತಾರ, ತಪ್ಪಿಸಿಕೊಳ್ಳಾಕ ಆಗಂಗಿಲ್ಲ. ಬಾ."

ಆಗ ಎಂಟು ಇಪ್ಪತ್ತು. ಶಟರ್ ಎಳೆದೆ. ಬಸ್ಸಿನಲ್ಲಿ ರಾಯರು ಕಿಟಕಿಗೆ ಸರಿದು ಕೂತು, ಚೀಲದಿಂದ ಅವಲಕ್ಕಿ ತೆಗೆದು ನನ್ನ ಕೈಗೆ ಹಾಕಿದರು. ನಾನು ಅವರ ಮೂರು ಫೋನು ಎತ್ತದವನು. ಅಂಥ ಅವಲಕ್ಕಿ ನುಂಗುವುದು ಎಷ್ಟು ಕಷ್ಟವೆಂದು ನುಂಗಿದವರಿಗೇ ಗೊತ್ತು.

ಹತ್ತೂವರೆಗೆ ಗದ್ವಾಲದ ಆಸ್ಪತ್ರೆ ಮುಟ್ಟಿದೆವು. ಅಕ್ಕ ಹಸಿರು ಟೊಪ್ಪಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಕಣ್ಣಿಗೆ ಹನಿ ಬಿಟ್ಟಿದ್ದರು, ಏನೂ ಕಾಣುತ್ತಿರಲಿಲ್ಲ. ಹತ್ತಿರ ಹೋಗಿ ಕೂತೆ. ಕೈ ಚಾಚಿ ನನ್ನ ತಲೆ ತಡವಿದಳು. "ಕೂದಲಾ ಭಾಳ ಉದುರ್ಯಾವಲ್ಲೋ" ಅಂದಳು. ಆರು ವರ್ಷದ ಮೇಲೆ ಮೊದಲ ಮಾತು. ನಾನು ಪ್ರೋಗ್ರಾಂ, ಬೈಟು ಎಂದು ವಿವರಿಸಹೋದೆ. "ಸುಮ್ಮನ ಕುಂದ್ರು" ಅಂದಳು. ಕೂತೆ. ಆಮೇಲೆ, ಮಗ್ಗದ ವಿಷಯದಲ್ಲಿ ತಪ್ಪಾಯಿತು ಅಕ್ಕ, ಎಂದೆ. ಅವಳು ನನ್ನ ತಲೆಯ ಮೇಲಿನ ಕೈ ತೆಗೆಯಲಿಲ್ಲ. ಒಳಗೆ ಕರೆಯುವವರೆಗೂ ತೆಗೆಯಲಿಲ್ಲ.

ಮರುದಿನ ಪ್ರೋಗ್ರಾಂ ಸರಿಪಡಿಸಿದೆ. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ.

ಸಭಿಕರೇ, ರಾಯರು ಹನ್ನೊಂದು ವರ್ಷದಲ್ಲಿ ಎಷ್ಟು ಗಂಟು ಕಳಿಸಿದ್ದಾರೆಂದು ಲೆಕ್ಕ ತೆಗೆದಿಟ್ಟಿದ್ದೆ, ಅದನ್ನು ಓದುವುದಿಲ್ಲ. ಗಂಟು ಪೂರ್ತಿ ಮುಟ್ಟದ ದಿನ ತಾವೇ ಬಸ್ಸು ಹತ್ತಿದ ಮನುಷ್ಯ ಇವರು ಎಂದಷ್ಟೇ ಹೇಳುತ್ತೇನೆ. ಈಗ ರಾಯಚೂರಿಗೆ, ಮಗಳ ಮನೆಗೆ ಹೊರಟಿದ್ದಾರೆ. ಗದ್ವಾಲದ ಯಂತ್ರವನ್ನು ಯಾರಿಗೆ ಒಪ್ಪಿಸಿದ್ದಾರೆ? ಮೂರನೆಯ ಸಾಲಿನಲ್ಲಿ ಕೂತು, ಮನೆಯ ಮಾತು ಸಭೆಗೆ ತಂದದ್ದಕ್ಕೆ ನನ್ನನ್ನು ಗುರಾಯಿಸುತ್ತಿರುವ ಶೇಖಮ್ಮನಿಗೆ. ಆಪರೇಷನ್ ಚೆನ್ನಾಗಿ ಆಗಿದೆ. ಆ ಕಣ್ಣಿನ ಬಿಸಿ ಇಲ್ಲಿಯವರೆಗೆ ಮುಟ್ಟುತ್ತಿದೆ.

ಅಕ್ಕ, ನಾಳೆಯಿಂದ ಸಂಜೆಯ ಗಂಟು ನಿನ್ನ ಕೈಯಿಂದ ಬರುತ್ತದೆ. ಬಯ್ದು ಬರೆ, ಬೇಕಾದಷ್ಟು ಬಯ್ದು ಬರೆ. ಕೊನೆಯ ಸಾಲಿನವರೆಗೆ ಓದುತ್ತೇನೆ. ಕೊನೆಯ ಸಾಲು ಕಾಣದಿದ್ದರೆ, ಅಲ್ಲಿ ಏನಿತ್ತೆಂದು ನಿನ್ನನ್ನೇ ಕೇಳಲು ಬರುತ್ತೇನೆ.

ರಾಯರಿಗೆ ನನ್ನ ಸಾಷ್ಟಾಂಗ. ಐದು ನಿಮಿಷವೆಂದವನನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಕೃತಜ್ಞತೆ, ನಮಸ್ಕಾರ.