ಒಬ್ಬ ಫೀಲ್ಡರನಿಗೆ ನಾಲ್ವರು ಕಾವಲು

ನೋಡಿ ತಾಯಂದಿರೇ, ಒಂದು ಊರು ಅಂದುಕೊಳ್ಳಿ. ಆ ಊರಲ್ಲೊಬ್ಬ ಶ್ರೀಮಂತ. ದುಡ್ಡು ಸುರಿಯಲು ಜಾಗ ಸಾಲದೆ ಒಂದು ಕ್ರಿಕೆಟ್ ತಂಡವನ್ನೇ ಕಟ್ಟಿಕೊಂಡಿದ್ದ. ನಗಬೇಡಿ, ನಿಮ್ಮ ಹತ್ತಿರ ಅಷ್ಟಿದ್ದಿದ್ದರೆ ನೀವೂ ಕಟ್ಟುತ್ತಿದ್ದಿರಿ!

ಆಟಗಾರರ ಹರಾಜಿನಲ್ಲಿ ಒಬ್ಬ ಫೀಲ್ಡರ್ ಬಂದ. ಒಂದು ಕಾಲಕ್ಕೆ ಬೌಂಡರಿಯಲ್ಲಿ ಹಕ್ಕಿಯ ಹಾಗೆ ಹಾರಿ ಕ್ಯಾಚ್ ಹಿಡಿದವನು. ನೆನಪಿಡಿ, ಒಂದು ಕಾಲಕ್ಕೆ! ಶ್ರೀಮಂತ ಕೈ ಎತ್ತಿದ. ಉಳಿದವರೆಲ್ಲ ಇಳಿಸಿದ ಮೇಲೂ ಎತ್ತಿದ. ಹರಾಜು ಕೂಗುವವನೇ "ಸಾಕು ಧಣಿ, ನಿಮಗೇ ಆಯ್ತು" ಅಂದ ಮೇಲೆ ಇಳಿಸಿದ.

ಮನೆಯಲ್ಲಿ ಹೆಂಡತಿ ಕೇಳಿದಳು, "ರೀ, ಅವನ ಮೊಣಕಾಲು ನೋಡಿದ್ರಾ?"

"ನಾನು ಕೊಂಡಿದ್ದು ಹೆಸರನ್ನ ಕಣೇ, ಮೊಣಕಾಲನ್ನಲ್ಲ."

"ಸರಿ, ಹಾಗಾದ್ರೆ ಹೆಸರೇ ಓಡಲಿ."

ಮೊದಲ ಪಂದ್ಯ. ಚೆಂಡು ನೇರ ಅವನ ಕಡೆಗೇ ಬಂತು. ತಪ್ಪಿಹೋದ ಬಸ್ಸನ್ನು ನೋಡುವ ಹಾಗೆ ಅವನು ಅದನ್ನು ನೋಡುತ್ತಾ ನಿಂತ. ಬೌಂಡರಿ! ಕ್ಯಾಪ್ಟನ್ ಓಡಿ ಬಂದ. "ಧಣಿ, ಅಣ್ಣನ್ನ ಆಟದಿಂದ ಹೊರಗೆ ಕೂರಿಸೋಣ."

"ಕೂರಿಸೋಕಾ ಅಷ್ಟು ಸುರಿದಿದ್ದು? ಜೊತೆಗೆ ಒಬ್ಬನ್ನ ನಿಲ್ಲಿಸು!"

ಒಬ್ಬ ನಿಂತ, "ಅಣ್ಣಾ, ಚೆಂಡು ಬಂತು" ಅಂತ ಕೂಗಲು. ಸಾಲಲಿಲ್ಲ. ತಪ್ಪಿದ ಚೆಂಡಿನ ಹಿಂದೆ ಓಡಲು ಇನ್ನೊಬ್ಬ. ಅದನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು, "ನೀವೇ ಎಸೀರಿ ಅಣ್ಣಾ" ಅಂತ ಒಪ್ಪಿಸಲು ಮತ್ತೊಬ್ಬ. ಎಸೆದು ಸುಸ್ತಾದವನ ಬೆನ್ನು ಹಿಡಿಯಲು ಮಗದೊಬ್ಬ. ಅಷ್ಟರಲ್ಲಿ ಬ್ಯಾಟ್ಸ್‌ಮನ್‌ಗಳು ಓಡಿ ಓಡಿ ಅವರೇ ಬೇಜಾರಾಗಿ ನಿಂತಿರುತ್ತಿದ್ದರು! ಮೈದಾನದ ಇನ್ನೊಂದು ಕಡೆಯೋ? ಖಾಲಿ. ಎದುರಾಳಿಗಳಿಗೇನು, ಕಣ್ಣು ಮುಚ್ಚಿಕೊಂಡು ಆ ಕಡೆ ಬಾರಿಸಿದರಾಯಿತು.

ಸೋಲು, ಸೋಲು, ಸೋಲು. ಕೊನೆಗೆ ಒಂದು ಪಂದ್ಯ ಉಳಿಯಿತು. ಅದನ್ನೂ ಸೋತರೆ ಲೀಗಿನಿಂದ ತಂಡವೇ ಹೊರಕ್ಕೆ. ಆದರೂ ಅಷ್ಟು ಕೊಟ್ಟು ತಂದವನನ್ನು ಶ್ರೀಮಂತ ಹೇಗೆ ಕೂರಿಸುವುದು? ಊರು ಏನಂದೀತು?

ಎದುರಾಳಿಗಳಿಗೆ ಇನ್ನು ಸ್ವಲ್ಪವೇ ರನ್ ಬೇಕು. ನೀರಿನ ವಿರಾಮ. ಆಗ ಆ ಫೀಲ್ಡರ್ ಕುಂಟುತ್ತಾ ಶ್ರೀಮಂತ ಕೂತಿದ್ದ ಶಾಮಿಯಾನಕ್ಕೇ ಬಂದ.

"ಧಣಿ, ನನ್ನ ಕೂರಿಸಿಬಿಡಿ."

"ಏನಯ್ಯಾ ಹೀಗಂತೀಯ? ಊರು ನಗಲ್ವಾ?"

"ಊರು ಆಗಲೇ ನಗ್ತಿದೆ ಧಣಿ. ನೀವು ಶಾಮಿಯಾನದೊಳಗೆ ಫ್ಯಾನ್ ಹಾಕ್ಕೊಂಡು ಕೂತಿದೀರಿ, ಕೇಳಿಸಲ್ಲ. ನಾನು ಬೌಂಡರಿ ಹತ್ರ ನಿಲ್ಲೋನು. ನನಗೆ ಎಲ್ಲಾ ಕೇಳಿಸುತ್ತೆ."

ಶ್ರೀಮಂತ ಅವನ ಮುಖ ನೋಡಿದ. ಕೊಂಡ ದಿನದಿಂದ ಬೆಲೆಯನ್ನು ನೋಡಿದ್ದನೇ ಹೊರತು, ಮುಖವನ್ನು ನೋಡಿರಲಿಲ್ಲ. ತನ್ನ ಪಕ್ಕದ ಕುರ್ಚಿ ಎಳೆದು ಕೊಟ್ಟ.

ಬದಲಿ ಆಟಗಾರ ಇಳಿದ. ನಾಲ್ವರು ಕಾವಲುಗಾರರು ಮೈದಾನದ ತುಂಬ ಹರಡಿಕೊಂಡರು. ಎದುರಾಳಿ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಆ ಖಾಲಿ ಕಡೆಗೇ ಬಾರಿಸಿದ. ಕಣ್ಣು ಬಿಟ್ಟರೆ, ಅಲ್ಲಿ ಒಬ್ಬ ನಿಂತಿದ್ದಾನೆ, ಕೈಯಲ್ಲಿ ಚೆಂಡಿದೆ! ಕೊನೆಯ ವಿಕೆಟ್. ಗೆದ್ದರು! ಎಲ್ಲರಿಗಿಂತ ಎತ್ತರ ಹಾರಿದವನು ಯಾರು? ಕುರ್ಚಿಯಲ್ಲಿ ಕೂತಿದ್ದ ನಮ್ಮ ಫೀಲ್ಡರ್. ಶ್ರೀಮಂತ ಹಣೆ ಚಚ್ಚಿಕೊಂಡ. "ಇದೇ ಹಾರಾಟ ಅಲ್ಲಿ ಹಾರೋಕೆ ನಿನಗೇನಾಗಿತ್ತೋ ಮಹಾರಾಯ!"

ನಕ್ಕಿರಾ? ನಗಿ, ನಗಿ. ಈಗ ನಿಮ್ಮ ಮನೆಗೆ ಬರುತ್ತೇನೆ.

ನಿಮ್ಮಲ್ಲೊಬ್ಬರು ದುಬಾರಿ ಸೋಫಾ ತಂದಿದ್ದೀರಿ. ಅದಕ್ಕೊಂದು ಹೊದಿಕೆ, ಹೊದಿಕೆ ಕೊಳೆಯಾದೀತು ಅಂತ ಮೇಲೊಂದು ಟವೆಲ್ಲು. ಈಗ ಮನೆಮಂದಿಯೆಲ್ಲ ನೆಲದ ಮೇಲೆ ಕೂತು ಸೋಫಾ ಕಾಯುತ್ತಿದ್ದೀರಿ! ಹೋಗಲಿ, ಸೋಫಾಕ್ಕೆ ಜೀವವಿಲ್ಲ. ಇನ್ನೊಬ್ಬರು ಮಗಳಿಗೆ ವೀಣೆ ಕೊಡಿಸಿದ್ದೀರಿ. ಅವಳಿಗೆ ವೀಣೆ ಬೇಡ, ವೀಣೆಗೆ ಅವಳು ಬೇಡ. ಆದರೂ ಅಮ್ಮ ಗದರುವುದು, ಅಪ್ಪ ಸ್ಕೂಟರಿನಲ್ಲಿ ಬಿಡುವುದು, ಅಜ್ಜಿ ಬೆರಳಿಗೆ ಎಣ್ಣೆ ಹಚ್ಚುವುದು. ಯಾಕೆ? ಅಷ್ಟು ಕೊಟ್ಟಿದ್ದೀರಲ್ಲ, ಅದಕ್ಕೆ!

ಯಾರನ್ನೂ ಬಿಸಾಡಿ ಅನ್ನುತ್ತಿಲ್ಲ, ನೋಡಿ. ಪಕ್ಕದಲ್ಲಿ ಕೂರಿಸಿಕೊಳ್ಳಿ ಅನ್ನುತ್ತಿದ್ದೇನೆ. ಇವತ್ತು ಸಂಜೆ ದೀಪ ಹಚ್ಚುವ ಮುಂಚೆ ಆ ಮಗುವನ್ನು ಕರೆದು, "ವೀಣೆ ಬೇಡವೇನಮ್ಮಾ?" ಅಂತ ಕೇಳಿ. ಅವಳು ಬೇಡ ಅಂದಾಗ "ಅಷ್ಟು ಕೊಟ್ಟಿದ್ದೀವಲ್ಲೇ" ಅಂತ ಒಂದು ಮಾತು ನಾಲಿಗೆ ತುದಿಗೆ ಬರುತ್ತದೆ. ಅದನ್ನು ತೀರ್ಥ ಅಂದುಕೊಂಡು ನುಂಗಿಬಿಡಿ.