ಟೈರಿಗೆ ತುರುಕಿದ್ದು

ಊಟ ಆಯ್ತಲ್ವಾ ಎಲ್ಲರದ್ದೂ? ಆಗದೋರು ಈಗ್ಲೇ ಎದ್ದು ಹೋಗಿ ಮುಗಿಸ್ಕೊಂಡು ಬನ್ನಿ, ಆಮೇಲೆ ನನ್ನ ಬೈಬೇಡಿ. ಇದು ಎಲ್ಲೋ ಕೇಳಿದ್ದಲ್ಲ. ನನ್ನ ಸ್ವಂತ ಚಿಕ್ಕಮ್ಮನ ಮಗನಿಗೆ ಆಗಿದ್ದು.

ಕತ್ತಲು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪೊದೆ. ಇಬ್ಬರು ಸೈಕಲ್ ತಳ್ಳಿಕೊಂಡು ಬರ್ತಿದಾರೆ. ಹಿಂದಿನವನ ಸೈಕಲ್ಲು ಲೊಟಕ್... ಲೊಟಕ್... ಅಂತಿದೆ. ಟೈರ್ ಕೂತುಹೋಗಿದೆ. ಅವನೇ ನಮ್ಮವನು.

ಕನ್ನಡಕದ ಅಂಗಡಿ ಅವನದ್ದು. ದಿನವಿಡೀ ಗಾಜು ಒರೆಸೋದು, ಒರೆಸಿದ್ದನ್ನೇ ಮತ್ತೆ ಒರೆಸೋದು. ಮನೇಲೂ ಅದೇ ರೋಗ. ಲೋಟ ಮೂಸಿ ನೋಡೋನು, ಟವೆಲ್ ಮೂಸಿ ನೋಡೋನು. ನಾವೆಲ್ಲ ಅವನನ್ನ ಛೀಛೀ ಅಂತ್ಲೇ ಕರೀತಿದ್ವಿ. ಅವನ ಹೆಂಡತಿಗೆ ಮಾರುದ್ದ ಜಡೆ. ಊಟದಲ್ಲಿ ಒಂದೆಳೆ ಕೂದಲು ಸಿಕ್ಕಿದ್ರೆ ಸಾಕು, ನೆಂಟರು ಎದುರಿಗಿದ್ರೂ ಓಕರಿಸೋನು. ಒಂದಿನ ತಟ್ಟೇನೇ ಗೋಡೆಗೆ ಎಸೆದ. ಆಕೆ ಗೋಡೆ ಒರೆಸಿ, ಬ್ಯಾಗ್ ತಗೊಂಡು ತವರಿಗೆ ಹೋದ್ಲು.

ಹೋದಮೇಲೆ ಗೊತ್ತಾಯ್ತು ಇವನಿಗೆ. ಅತ್ತ, ಗೋಗರೆದ, ಫೋನಿನ ಮೇಲೆ ಫೋನು ಮಾಡಿದ. ಕೊನೆಗೆ ಆಕೆ ತಮ್ಮನ ಕೈಲಿ ಹೇಳಿ ಕಳಿಸಿದ್ಲು.

"ಸೆಂಟು ಹಾಕ್ಕೊಂಡು ಬಸ್ಸಲ್ಲಿ ಬರೋದು ಬೇಡ. ಸೈಕಲ್ಲಲ್ಲಿ ಬರ್ಲಿ. ಮರಳಲ್ಲಿ ಮಲಗಿ, ಕೊಳೆ ಮೈಯಲ್ಲೇ ಬಾಗಿಲಿಗೆ ಬರ್ಲಿ. ನಾನು ಬಡಿಸಿದ್ದನ್ನ ಛೀ ಅನ್ನದೆ ಉಣ್ಲಿ. ಒಂದೇ ಒಂದು ಸಲ ಛೀ ಅಂದ್ರೂ ಅಲ್ಲಿಗೆ ಮುಗೀತು."

ತಮ್ಮ ಸೈಕಲ್ ರಿಪೇರಿಯವನು. ಒಂದು ದಿನ ರಜೆ ಸಿಕ್ಕಿದ್ರೂ ಡೇರೆ ಕಟ್ಕೊಂಡು ಕಡಲ ದಂಡೆ ಸುತ್ತೋ ಆಸಾಮಿ. ನಾನೇ ಕರ್ಕೊಂಡು ಬರ್ತೀನಿ ಅಂದ.

ಅವತ್ತು ಬೆಳಗಿಂದ ಪೆಡಲ್ ತುಳಿದಿದಾರೆ. ಬೆವರಿನ ಮೇಲೆ ಉಪ್ಪು, ಉಪ್ಪಿನ ಮೇಲೆ ಧೂಳು. ದಂಡೇಲಿ ಒಂದು ಮೀನು ಸತ್ತು ಊದಿಕೊಂಡು ಬಿದ್ದಿತ್ತು, ಪಕ್ಕದಲ್ಲಿ ಹಾದು ಹೋಗುವಾಗ ಹೊಟ್ಟೆ ಒಡೀತು. ಛೀಛೀ ಬಾಯಿ ಬಿಗಿ ಹಿಡ್ಕೊಂಡ. ಅಭ್ಯಾಸ ಮಾಡ್ಕೋಬೇಕಲ್ಲ! ಆದ್ರೆ ಕೈಯಿಂದ ಗ್ಲೌಸ್ ಮಾತ್ರ ತೆಗೀಲಿಲ್ಲ. ಬ್ರೆಡ್ಡನ್ನೂ ಗ್ಲೌಸ್ ಹಾಕ್ಕೊಂಡೇ ತಿಂದ, ಪುಣ್ಯಾತ್ಮ.

ಮಧ್ಯಾಹ್ನ ಒಂದು ಟ್ಯೂಬ್ ಹೋಯ್ತು. ಕತ್ತಲಾದಮೇಲೆ, ಬದಲಿಗೆ ಹಾಕಿದ್ದ ಇನ್ನೊಂದೂ ಹೋಯ್ತು. ಅದರ ಗಾಳಿ ತುಂಬೋ ವಾಲ್ವು ಬುಡದಲ್ಲೇ ಕಿತ್ಕೊಂಡು ಬಂದಿತ್ತು, ಪ್ಯಾಚ್ ಹಾಕೋಕೂ ಜಾಗ ಇಲ್ಲ. ಹಾಗಾಗಿ ಈ ಲೊಟಕ್ ಲೊಟಕ್. ಒಂದು ಪಾಳು ಬಾವಿ ಹತ್ರ ಭಾಮೈದ ನಿಂತ.

"ಇಲ್ಲೇ ಮಲಗೋಣ ಭಾವ. ಟೈರಿಗೆ ಒಣಹುಲ್ಲು ಗಟ್ಟಿಯಾಗಿ ತುರುಕಿದ್ರೆ ಮನೆವರೆಗೂ ಓಡುತ್ತೆ. ನಾನು ಡೇರೆ ಹೊಡೀತೀನಿ, ನೀವು ಹುಲ್ಲು ನೋಡಿ."

ಇದ್ದ ಒಂದು ಟಾರ್ಚು ಭಾಮೈದನ ಹತ್ರ. ಇವನು ಕತ್ತಲಲ್ಲೇ ತಡಕಾಡಿದ. ಬಾವಿಕಟ್ಟೆ ಮೇಲೆ ಏನೋ ಜೋತುಬಿದ್ದಿತ್ತು, ಹಳೇ ಹಗ್ಗ ಬಿಚ್ಚಿಕೊಂಡ ಹಾಗೆ.

"ಹುಲ್ಲಿಲ್ಲ ಕಣೋ... ನಾರಿದೆ."

"ಇನ್ನೂ ಒಳ್ಳೇದಾಯ್ತು! ಎಳ್ಕೊಳ್ಳಿ."

ಎಳೆದ. ಪಚ್... ಪಚ್... ಒಳಗಿಂದ ಬರ್ತಾನೇ ಇತ್ತು. ಎಳೆದಷ್ಟೂ ಇತ್ತು. ಕೊನೇಗೊಂದು ಸಲ ಬಿಗಿಯಾಯ್ತು, ಯಾರೋ ಆ ತುದಿ ಹಿಡ್ಕೊಂಡ ಹಾಗೆ. ಜಗ್ಗಿದ. ಕಿತ್ಕೊಂಡು ಬಂತು. ನೀರಲ್ಲಿ ಬುಳುಕ್ ಅಂತು. ಅಷ್ಟೇ.

ಬ್ಯಾಟರಿ ಉಳೀಲಿ ಅಂತ ಟಾರ್ಚ್ ಆರಿಸಿ, ಕತ್ತಲಲ್ಲೇ ಇಬ್ಬರೂ ಸೇರಿ ಅದನ್ನ ಟೈರಿಗೆ ತುರುಕಿದ್ರು. ಸೈಕಲ್ ತಲೆಕೆಳಗು ನಿಲ್ಲಿಸಿ ಡೇರೆಯೊಳಗೆ ಬಿದ್ಕೊಂಡ್ರು.

ಎಷ್ಟು ಹೊತ್ತಾಗಿತ್ತೋ... ಟಿಕ್. ಟಿಕ್. ಟಿಕ್.

"ಭಾವ..." ಭಾಮೈದ ಪಿಸುಗುಟ್ಟಿದ. "ಚಕ್ರ ತಿರುಗ್ತಿದೆ."

"ಗಾಳಿಗೆ ಕಣೋ."

"ಗಾಳಿ ಎಲ್ಲಿದೆ?"

ಟಿಕ್ ಟಿಕ್ ನಿಲ್ತು. ಆಮೇಲೆ ಶುರುವಾಯ್ತು. ಸರ್ರ್... ಸರ್ರ್... ಪಟ್. ಸರ್ರ್... ಪಟ್. ಹೆಂಡತಿ ಇದ್ದಾಗ ಮನೇಲಿ ಇವನು ದಿನಾ ಬೆಳಗ್ಗೆ ಕೇಳ್ತಿದ್ದ ಸದ್ದು ಅದು. ಸಿಕ್ಕು ಬಿಡಿಸಿ ತಲೆ ಬಾಚೋ ಸದ್ದು.

ಭಾಮೈದ ಟಾರ್ಚ್ ಹಾಕಿದ. ದಿಂಬಿನ ಪಕ್ಕ ಇವನು ಮಲಗೋವಾಗ ಬಿಚ್ಚಿಟ್ಟ ಗ್ಲೌಸ್. ಅದರ ಪಟ್ಟಿಗೆ ಒಂದೆಳೆ ಅಂಟಿತ್ತು. ಕಪ್ಪಗೆ, ಉದ್ದ. ತುದೀಲಿ ಬಿಳಿ ಬುಡ. ಬುಡಕ್ಕೆ ಉಗುರಗಲ ಚರ್ಮ, ನೆನೆದು ಲೋಳೆಯಾಗಿದ್ದು.

"ನಾರಲ್ಲ ಭಾವ ಇದು..."

ಇವನ ನಾಲಿಗೆ ಮೇಲೆ ಏನೋ ಹರಿದಾಡ್ತಿತ್ತು. ಬೆರಳು ಹಾಕಿ ಎಳೆದ. ಬಂತು... ಇನ್ನೂ ಬಂತು... ಗಂಟಲ ಒಳಗಿಂದ, ಕೊಳೆತ ಬಾವಿ ಕೆಸರಿನ ನಾತ ಹೊತ್ಕೊಂಡು. ಥೂ!

ಬೆಳಕು ಹರಿದಾಗ ಟೈರ್ ಬಾಯ್ಬಿಟ್ಟುಕೊಂಡಿತ್ತು. ಒಳಗೆ ಒಂದೆಳೆ ಇಲ್ಲ, ನೆಕ್ಕಿದ ಹಾಗೆ ಸ್ವಚ್ಛ. ಭಾಮೈದ ಸೈಕಲ್ ಬಿಟ್ಟು ಓಡೋಣ ಅಂದ. ಇವನು ಒಪ್ಪಲಿಲ್ಲ. ಸೈಕಲ್ ಇಲ್ಲದೆ ಹೋದ್ರೆ ಅವಳು ಬಾಗಿಲು ತೆಗೀತಾಳಾ? ಬರೀ ರಿಮ್ಮಿನ ಮೇಲೇ ಕರಕರ ಅಂತ ಮನೆವರೆಗೂ ತಳ್ಳಿದ.

ಬಾಗಿಲು ತೆಗೆದ್ಲು. ಅವಳ ಜಡೆ ಇರಲಿಲ್ಲ. ಕೂದಲನ್ನ ಕಿವಿಗಿಂತ ಮೇಲಕ್ಕೆ ಕತ್ತರಿಸಿಬಿಟ್ಟಿದ್ಲು.

"ಇನ್ನು ನಿಮಗೆ ನೆಪ ಸಿಗಲ್ಲ ರೀ," ಅಂದ್ಲು. ನಕ್ಕಳು ಕೂಡ. ಕೈ ತೊಳೆಸಿ, ಕೂರಿಸಿ, ಬಡಿಸಿದ್ಲು.

ಮೊದಲ ತುತ್ತು. ಹಲ್ಲಿಗೆ ಸಿಕ್ತು. ಉದ್ದ, ತಣ್ಣಗೆ. ಅದೇ ನಾತ.

ಬಾಯಿ ತೆರೆದ. ಎದುರಿಗೆ ಅವಳು, ರೆಪ್ಪೆ ಬಡೀದೆ ನೋಡ್ತಾ ಕೂತಿದಾಳೆ. ಬಾಯಿ ಮುಚ್ಚಿದ. ನುಂಗಿದ.

ಈಗ ಇಬ್ಬರೂ ಚೆನ್ನಾಗಿದಾರೆ, ಒಟ್ಟಿಗೇ ಇದಾರೆ. ಅವಳು ಇವತ್ತಿಗೂ ಕೂದಲು ಬೆಳೆಸಿಲ್ಲ. ಮೊನ್ನೆ ಅವರ ಮನೇಲಿ ಅವನ ಎದುರಿಗೇ ಊಟಕ್ಕೆ ಕೂತಿದ್ದೆ. ಅವಳು ನೀರು ತರೋಕೆ ಒಳಗೆ ಹೋದ್ಲು. ಅವನು ತುಟಿ ಸಂದಿಯಿಂದ ಮೆಲ್ಲಗೆ ಎಳೆದ... ಎಳೀತಾನೇ ಇದ್ದ... ಬೆರಳಿಗೆ ಸುತ್ತಿ ಜೇಬಿಗೆ ಹಾಕ್ಕೊಂಡ. ಅವಳು ಬಂದಾಗ, "ಅಡುಗೆ ಚೆನ್ನಾಗಿದೆ ಕಣೇ, ಇನ್ನೊಂದ್ ಸ್ವಲ್ಪ ಹಾಕು" ಅಂದ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಕಣ್ಣಾರೆ ಕಂಡಿದ್ದು ಹೇಳ್ತಿದೀನಿ. ಅವನ ಜೇಬು ಒದ್ದೆಯಾಗಿತ್ತು.