ಅಮ್ಮನ ಹೂವಿಗೆ ಬೆಲ್ಲದ ಅಂಟು

ಕೆರೆಯ ಕೆಳಗಿನ ಒಂದೂರಲ್ಲಿ ಒಬ್ಬ ಗೌಡ ಇದ್ದ. ಮೀಸೆ ತಿರುವುವುದಕ್ಕೇ ಬೆಳಗಿನ ಹೊತ್ತೆಲ್ಲ ಸಾಲದಷ್ಟು ಶ್ರೀಮಂತ. ಆ ಸೀಮೆಯ ಪಾಳೇಗಾರ ತನ್ನ ತೋಟಕ್ಕೆ ನೀರು ಉಳಿಯಲಿ ಎಂದು ಕೆರೆಯ ತೂಬು ಮುಚ್ಚಿಸಿಬಿಟ್ಟ. ಊರಿನ ಗದ್ದೆಗಳು ಬಾಯಿ ಬಿಟ್ಟವು, ಜನ ಸಿಡಿದೆದ್ದರು. ನೀರು ಕೇಳುವುದು ತಪ್ಪೇ? ಖಂಡಿತ ಅಲ್ಲ.

ಆದರೆ ನೋಡಿ, ಮುಂದಾಳಾದ ಗೌಡನಿಗೆ ನೀರಷ್ಟೇ ಸಾಲಲಿಲ್ಲ. ಪಾಳೇಗಾರನ ಗಾದಿಯಲ್ಲಿ ಕೂತರೆ ತನ್ನ ಮೀಸೆ ಹೇಗೆ ಕಂಡೀತು ಎಂಬ ಕನಸು ಬಿತ್ತು. ಜನರೋ, ಮೊದಲು ಕೇಳಿ ನೋಡೋಣ, ಕಾಳಗ ಆಮೇಲೆ ಎನ್ನುತ್ತಿದ್ದರು. ಆಗ ಗೌಡನಿಗೆ ಊರಮ್ಮ ನೆನಪಾದಳು.

ಅವಳ ಗುಡಿಯಲ್ಲಿ ಹೂ ಕೇಳುವ ಪದ್ಧತಿ. ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಕಾಳಗಕ್ಕೆ ಹೊರಡು, ಎಡಗಡೆಯದು ಬಿದ್ದರೆ ಬೇಡ. ಬಲದ ಹೂವನ್ನು ರುಮಾಲಿಗೆ ಸಿಕ್ಕಿಸಿಕೊಂಡವನು ಎಲ್ಲರಿಗಿಂತ ಮುಂದೆ ನಡೆಯಬೇಕು.

ಪೂಜಾರಜ್ಜಿ ಹೂ ಅಂಟಿಸಿ ದೀಪಕ್ಕೆ ಎಣ್ಣೆ ತರಲು ಹೋದಳು. ಗೌಡ ಕಾಯಿ ಇಡುವ ನೆಪದಲ್ಲಿ ಒಳಗೆ ನುಗ್ಗಿ ಎಡಗಡೆಯ ಹೂವಿನಡಿಗೆ ಬೆಲ್ಲದ ಪಾಕ ಸವರಿದ. ಇನ್ನು ಅದು ಬೀಳುವುದುಂಟೇ? ಹೊರಬರುವಾಗ ಪಾಳೇಗಾರನ ದಂಡಿನ ದಳವಾಯಿ ಎದುರಾದ. ಅವನ ಕೈಯಲ್ಲೂ ಕಾಯಿ. ಇಬ್ಬರೂ ಭಕ್ತಿಯಿಂದ ನಮಸ್ಕರಿಸಿಕೊಂಡರು.

ಗುಡಿಯ ಮುಂದೆ ಒಂದು ಕಡೆ ಊರಿನ ಕುಡುಗೋಲಿನ ಜನ, ಇನ್ನೊಂದು ಕಡೆ ಅವರನ್ನು ತಡೆಯಲು ಬಂದ ದಳವಾಯಿಯ ಈಟಿಯ ಜನ. ಎಲ್ಲರ ಹಣೆಯಲ್ಲೂ ಅದೇ ಅಮ್ಮನ ಕುಂಕುಮ. ಕಾದರು. ಹೂ ಬೀಳಲಿಲ್ಲ. ಬಿಸಿಲೇರಿತು, ಬೀಳಲಿಲ್ಲ. ಕುಡುಗೋಲಿನವರು ಎಲೆಯಡಿಕೆ ಬಿಚ್ಚಿದರು, ಈಟಿಯವರು ಸುಣ್ಣ ಕೊಟ್ಟರು. ಹೂ ಮಾತ್ರ ಬೀಳಲಿಲ್ಲ.

ಅಷ್ಟರಲ್ಲಿ ಗೌಡನ ಒಬ್ಬನೇ ಮಗ ರುಮಾಲು ಹಿಡಿದು ಮುಂದೆ ಬಂದ. ಬಲದ ಹೂ ತನಗೇ ಬೇಕು, ಅಮ್ಮ ಹೇಳಿದ ಮೇಲೆ ಸತ್ತರೂ ಸರಿ ಎಂದ.

ಗೌಡನ ಮೀಸೆ ಜೋತುಬಿತ್ತು. ಅಮ್ಮ ಎಲ್ಲಿ ಹೇಳಿದಳು? ಹೇಳಿದ್ದು ಅವನ ಬೆರಳು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಮಗ ಹೋಗುತ್ತಾನೆ. ಜನ್ಮದಲ್ಲಿ ಮೊದಲ ಸಲ ಅವನು ನಿಜವಾಗಿ ಕೈಮುಗಿದ. ಏನೆಂದು? ತಾನೇ ಅಂಟಿಸಿದ ಹೂ ಬೀಳಲಿ ಎಂದು.

ಬಿದ್ದದ್ದು ಹೂವಲ್ಲ, ಅಜ್ಜಿಯ ಕಣ್ಣು. ಅಮ್ಮನ ಎರಡು ಭುಜಕ್ಕೂ ಇರುವೆಗಳು ಸಾಲುಗಟ್ಟಿದ್ದವು. ಅಜ್ಜಿ ಎಡದ ಹೂವಿನಡಿ ಬೆರಳಾಡಿಸಿ ನೆಕ್ಕಿದಳು. ಬಲದ್ದನ್ನೂ ನೆಕ್ಕಿದಳು.

"ಇದು ನಮ್ಮೂರ ಬೆಲ್ಲ. ಇದು ಅರಮನೇದು, ಏಲಕ್ಕಿ ಹಾಕವ್ರೆ."

ದಳವಾಯಿ ಸೂರು ನೋಡಿದ. ಗೌಡ ನೆಲ ನೋಡಿದ. ಮಗ ಅಪ್ಪನ ಬೆರಳು ನೋಡಿದ. ಅದರ ಮೇಲೂ ಒಂದು ಇರುವೆ.

"ಅಪ್ಪಾ, ನಾನು ಸಾಯಕ್ಕೆ ಹೊಂಟಿದ್ದು ನಿನ್ನ ಬೆಲ್ಲಕ್ಕಾ?"

ಗೌಡ ಹೌದು ಎಂದು ತಲೆಯಾಡಿಸಿದ. ಅಜ್ಜಿಯೇ ಹೇಳಿದಳು: "ತೂಬು ಮುಚ್ಚಿದ್ದು ಅಮ್ಮ ಅಲ್ಲ ಕಣ್ರಪ್ಪ. ಮುಚ್ಚಿಸ್ದೋನ್ನ ಹೋಗಿ ಕೇಳಿ."

ಕುಡುಗೋಲಿನವರು ಹೊರಟರು. ಈಟಿಯವರ ಗದ್ದೆಗಳೂ ಅದೇ ಕೆರೆಯ ಕೆಳಗಿದ್ದವಲ್ಲ, ಅವರೂ ಹೊರಟರು. ದಂಡೇ ಎದುರು ಬಂದ ಮೇಲೆ ಪಾಳೇಗಾರ ಯಾರನ್ನು ಕರೆದಾನು? ಬಾಯಿ ಮುಚ್ಚಿದ, ತೂಬು ತೆರೆಸಿದ. ಗೌಡ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದ, ಮಗನ ರುಮಾಲನ್ನು ಎದೆಗವಚಿಕೊಂಡು.

ನಗುತ್ತೀರಿ. ನಗಿ. ಆದರೆ ನಿಮ್ಮ ಬೆರಳು? ಅಣ್ಣತಮ್ಮಂದಿರ ಗೋಡೆ ಜಗಳಕ್ಕೆ ಮನೆದೇವರನ್ನು ಎಳೆದವರು ಯಾರು? ಮೊಬೈಲಿನಲ್ಲಿ ದೇವರ ಚಿತ್ರದಡಿ ಬೈಗುಳ ಬರೆದು ಹತ್ತು ಜನಕ್ಕೆ ಕಳಿಸಿದವರು ಯಾರು? ನಿಮ್ಮ ಕೇಳಿಕೆ ನ್ಯಾಯವಾದದ್ದೇ? ಹಾಗಾದರೆ ನಿಮ್ಮ ಹೆಸರಿನಲ್ಲೇ ಕೇಳಿ, ನೆಟ್ಟಗೆ ನಿಂತು ಕೇಳಿ. ಬೇರೆಯವರ ಮಕ್ಕಳನ್ನು ಮುಂದೆ ಬಿಡಬೇಡಿ. ನಾಳೆ ಸಿಟ್ಟಿನಲ್ಲಿ ದೇವರ ಹೆಸರು ಬಾಯಿಗೆ ಬಂದರೆ, ಒಂದು ಕ್ಷಣ ತಡೆದು ಬೆರಳು ನೆಕ್ಕಿ ನೋಡಿ. ಸಿಹಿ ಹತ್ತಿದರೆ, ಮೊದಲು ಕೈ ತೊಳೆಯಿರಿ.